ಟಾಲ್‌ಸ್ಟಾಯನ ನೆಪೋಲಿಯನ್: ‘ಯುದ್ಧ ಮತ್ತು ಶಾಂತಿ’ಯಲ್ಲಿ ದಿಗ್ವಿಜಯದ ಭಂಗ

1869ನೆಯ ಇಸವಿಯಲ್ಲಿ ಒಂದೇ ದುರಂತವನ್ನು ಕುರಿತ ಎರಡು ಕೃತಿಗಳು ಯೂರೋಪಿನಲ್ಲಿ ಬೆಳಕು ಕಂಡವು. ಒಂದು, ಟಾಲ್‌ಸ್ಟಾಯನ ‘ಯುದ್ಧ ಮತ್ತು ಶಾಂತಿ’ ಎಂಬ ಮಹಾಕಾದಂಬರಿಯ ಕಡೆಯ ಭಾಗ. ಇನ್ನೊಂದು, ಶಾರ್ಲ್ ಜೋಸೆಫ್ ಮಿನಾರ್ ಎಂಬ ಫ್ರೆಂಚ್ ಇಂಜಿನಿಯರನು ತನ್ನ ಎಂಬತ್ತೆಂಟನೆಯ ವಯಸ್ಸಿನಲ್ಲಿ ಅಚ್ಚುಹಾಕಿಸಿದ ಒಂದು ನಕ್ಷೆ. ಆ ನಕ್ಷೆಯಲ್ಲಿ ನೆಪೋಲಿಯನ್ನನ ಸೈನ್ಯವು ಒಂದು ಪಟ್ಟಿಯಂತೆ ಚಿತ್ರಿತವಾಗಿದೆ. ಹತ್ತು ಸಾವಿರ ಮಂದಿಗೆ ಒಂದು ಮಿಲಿಮೀಟರ್ ಅಗಲ. ನೀಮನ್ ನದಿಯ ದಡದಲ್ಲಿ ಅದು 4,22,000 ಜನರ ಅಗಲವುಳ್ಳ ದಪ್ಪ ಪಟ್ಟಿ. ಮಾಸ್ಕೋ ನಗರವನ್ನು ಮುಟ್ಟುವ ವೇಳೆಗೆ 1,00,000. ಮರಳಿ ಅದೇ ನದಿಯನ್ನು ದಾಟುವಾಗ 10,000, ಎಂದರೆ ಕೂದಲೆಳೆಯಷ್ಟು ಸಣ್ಣ ಗೆರೆ. ಮಿನಾರನು ನಕ್ಷೆಯ ಮೇಲೆ ಒಂದು ಆಕ್ಷೇಪದ ಮಾತನ್ನಾಗಲಿ ನೀತಿಬೋಧೆಯನ್ನಾಗಲಿ ಬರೆದಿಲ್ಲ; ಅವನಿಗೆ ಅಂಕಿಗಳು ಸಾಕಾದುವು. ಟಾಲ್‌ಸ್ಟಾಯನಿಗೆ ಅವು ಸಾಲವು. ಆ ಪಟ್ಟಿ ಏತಕ್ಕಾಗಿ ಹಾಗೆ ಸವೆಯಿತು, ಸವೆಯಿಸಿದವರು ಯಾರು ಎಂಬ ಪ್ರಶ್ನೆಯನ್ನು ಅವನು ಎತ್ತಿಕೊಂಡನು. ಅದಕ್ಕೆ ಒಂದಲ್ಲ, ಎರಡು ಉತ್ತರಗಳನ್ನು ಕೊಟ್ಟನು. ಆ ಎರಡೂ ಒಂದರೊಡನೊಂದು ಹೊಂದುವುದಿಲ್ಲವೆಂಬುದೇ ಇಲ್ಲಿ ವಿಚಾರಣೀಯವಾದ ಅಂಶ.

ಮೊದಲನೆಯ ಉತ್ತರವು ಸಿದ್ಧಾಂತರೂಪವಾದುದು. ಕಾದಂಬರಿಯ ಉತ್ತರಾರ್ಧದಲ್ಲಿ ಅಲ್ಲಲ್ಲಿಯೂ ಉಪಸಂಹಾರದ ಎರಡನೆಯ ಭಾಗದಲ್ಲಿ ಸವಿಸ್ತಾರವಾಗಿಯೂ ಅದು ಪ್ರತಿಪಾದಿತವಾಗಿದೆ. ಮಹಾಪುರುಷರು ಚರಿತ್ರೆಯನ್ನು ನಡೆಸುವುದಿಲ್ಲ. ಚರಿತ್ರೆಯೇ ಅವರನ್ನು ನಡೆಸುತ್ತದೆ. ಮನುಷ್ಯನು ಅಧಿಕಾರದ ಮೆಟ್ಟಿಲುಗಳನ್ನು ಏರಿದಷ್ಟೂ ಅವನ ಸ್ವಾತಂತ್ರ್ಯವು ಕುಗ್ಗುತ್ತದೆ. ತುತ್ತತುದಿಯಲ್ಲಿ ಕುಳಿತ ದೊರೆಯು ಎಲ್ಲರಿಗಿಂತಲೂ ಪರಾಧೀನನು. ಬಂಡಿಯೊಳಗೆ ಕುಳಿತು ಕಟ್ಟಿದ ದಾರಗಳನ್ನು ಹಿಡಿದೆಳೆಯುತ್ತ ಬಂಡಿಯನ್ನು ತಾನೇ ಹೊಡೆಯುತ್ತಿದ್ದೇನೆಂದು ನಂಬುವ ಮಗುವಿಗೆ ಅವನು ನೆಪೋಲಿಯನ್ನನನ್ನು ಹೋಲಿಸುತ್ತಾನೆ. ಬರೋದಿನೋ ಕದನದ ದಿನ ಚಕ್ರವರ್ತಿಗೆ ನೆಗಡಿಯಾಗಿದ್ದುದೇ ಫ್ರೆಂಚರ ವೈಫಲ್ಯಕ್ಕೆ ಕಾರಣವೆಂದ ಚರಿತ್ರಕಾರರನ್ನು ಟಾಲ್‌ಸ್ಟಾಯನು ಹಾಸ್ಯಮಾಡುವ ರೀತಿಯು ಪ್ರಸಿದ್ಧವಾದುದು: ಹಾಗಾದರೆ ಎರಡು ದಿನ ಮುಂಚೆ ನೀರು ಹೋಗದ ಬೂಟುಗಳನ್ನು ದೊರೆಗೆ ತೊಡಿಸಲು ಮರೆತ ಪರಿಚಾರಕನೇ ರಷ್ಯದ ಉದ್ಧಾರಕನಾಗಬೇಕಾಗುತ್ತದೆ.

ಹಾಸ್ಯವು ಸೊಗಸಾಗಿದೆ, ಆದರೆ ತರ್ಕವನ್ನು ಕಡೆಯವರೆಗೆ ಎಳೆದರೆ ಒಂದು ತೊಡಕು ಏಳುತ್ತದೆ. ದಾರವನ್ನು ಎಳೆಯುವ ಮಗುವಿನ ಮೇಲೆ ಬಂಡಿ ಮಗುಚಿದ ಅಪರಾಧವನ್ನು ಹೊರಿಸುವವರು ಯಾರೂ ಇಲ್ಲ. ನೆಪೋಲಿಯನ್ನನು ಅಂತಹ ಮಗುವಾಗಿದ್ದ ಪಕ್ಷದಲ್ಲಿ ಅವನು ನಿರಪರಾಧಿ. ಕಾದಂಬರಿಕಾರನಾದರೋ ಅವನನ್ನು ಪುಟಪುಟದಲ್ಲಿಯೂ ಅಪರಾಧಿಯೆಂದೇ ಕಾಣುತ್ತಾನೆ. ಕೊಬ್ಬಿದ ಬೆನ್ನನ್ನು ಪರಿಚಾರಕರಿಂದ ಉಜ್ಜಿಸಿಕೊಳ್ಳುವ, ಮಗನ ಚಿತ್ರಪಟದ ಮುಂದೆ ಮೃದುಭಾವವನ್ನು ಅಭಿನಯಿಸುವ ಆ ವ್ಯಕ್ತಿಯ ಮೇಲೆ ಅವನಿಗಿರುವ ತಾತ್ಸಾರವು ಮಗುವಿನ ಮೇಲೆ ಯಾರೂ ತೋರುವ ತಾತ್ಸಾರವಲ್ಲ. ಸಿದ್ಧಾಂತವು ಖುಲಾಸೆ ಮಾಡಿದವನಿಗೆ ಕಥೆಯು ಶಿಕ್ಷೆ ವಿಧಿಸುತ್ತದೆ. ಈ ವಿರೋಧವನ್ನು ಕಂಡ ವಿಮರ್ಶಕರು ಅನೇಕರು ಸಿದ್ಧಾಂತಭಾಗವನ್ನು ಬಿಟ್ಟು ಕಥಾಭಾಗವನ್ನು ಓದಿಕೊಳ್ಳಬೇಕೆಂದು ಉಪದೇಶಿಸಿ ಸುಮ್ಮನಾಗಿದ್ದಾರೆ. ಅದು ಸುಲಭವಾದ ದಾರಿ. ಆದರೆ ಕಥಾಭಾಗದಲ್ಲಿ ಅಡಗಿರುವ ಎರಡನೆಯ ಉತ್ತರವನ್ನು ಬಿಡಿಸಿ ನೋಡುವ ಶ್ರಮವನ್ನು ಅದು ತಪ್ಪಿಸಿಬಿಡುತ್ತದೆ.

ಆ ಉತ್ತರವು ಯುದ್ಧಾರಂಭದ ಒಂದು ಸಣ್ಣ ಪ್ರಸಂಗದಿಂದಲೇ ತೊಡಗುತ್ತದೆ. 1812ರ ಜೂನ್ 24ರಂದು ಸೈನ್ಯವು ನೀಮನ್ ನದಿಯನ್ನು ದಾಟತೊಡಗಿತು. ಮುಂದೆ ವಿಲಿಯಾ ಎಂಬ ನದಿ. ಪೋಲಿಷ್ ಅಶ್ವದಳದ ವೃದ್ಧ ನಾಯಕನೊಬ್ಬನಿಗೆ ಹಾಯಗಡವನ್ನು ಹುಡುಕಿ ದಾಟಬೇಕೆಂದು ಅಪ್ಪಣೆಯಾಗುತ್ತದೆ. ಅವನು ಚಕ್ರವರ್ತಿಯ ಕಣ್ಣೆದುರಿನಲ್ಲಿ ಈಜಿಯೇ ದಾಟುವೆನೆಂದು ಬೇಡಿಕೊಂಡು ನದಿಗೆ ಧುಮುಕುತ್ತಾನೆ. ನಲವತ್ತು ಮಂದಿಯಷ್ಟು ಸವಾರರು ಮುಳುಗಿ ಸಾಯುತ್ತಾರೆ. ದಡದ ಮರದ ದಿಮ್ಮಿಯ ಮೇಲೆ ಕುಳಿತ ನೆಪೋಲಿಯನ್ನನು ಅವರ ಕಡೆಗೆ ನೋಡಿಯೂ ನೋಡದವನಂತೆ ಇದ್ದಾನೆ. ತನ್ನ ಆಲೋಚನೆಗೆ ಭಂಗ ತಂದ ಗದ್ದಲವೆಂದು ಅಷ್ಟಿಷ್ಟು ಬೇಸರಪಡುತ್ತಾನೆ. ಸಂಜೆ ಆ ನಾಯಕನಿಗೆ ಬಿರುದು ಸಲ್ಲುತ್ತದೆ. ಕೇಡುಗಾಲಕ್ಕೆ ಬುದ್ಧಿ ಕೆಡುವುದೆಂಬ ಅರ್ಥದ ಲ್ಯಾಟಿನ್ ನಾಣ್ಣುಡಿಯೊಂದರಿಂದ ಟಾಲ್‌ಸ್ಟಾಯನು ಅಧ್ಯಾಯವನ್ನು ಮುಗಿಸುತ್ತಾನೆ. ಇಲ್ಲಿ ಗಮನಿಸತಕ್ಕ ಸಂಗತಿಯೇನೆಂದರೆ, ಸಾಯಿರೆಂದು ಯಾರೂ ಆಜ್ಞೆ ಮಾಡಲಿಲ್ಲ. ಆಜ್ಞೆಯು ಹಾಯಗಡವನ್ನು ಹುಡುಕಬೇಕೆಂಬುದು. ಆಜ್ಞೆಗಿಂತಲೂ ಹೆಚ್ಚು ವಿಧೇಯರಾಗಬೇಕೆಂಬ ಹುಚ್ಚೇ ಅವರನ್ನು ಕೊಂದಿತು. ಆ ಹುಚ್ಚನ್ನು ಬೆಳೆಸಿದವನು ಅದಕ್ಕೆ ಬಹುಮಾನವನ್ನೂ ಕೊಟ್ಟನು.

ಬರೋದಿನೋ ಕದನದ ಚಿತ್ರವು ಇದೇ ಭಾವವನ್ನು ಯುದ್ಧಶಾಸ್ತ್ರದ ಭಾಷೆಯಲ್ಲಿ ವಿಸ್ತರಿಸುತ್ತದೆ. ಸೆಪ್ಟೆಂಬರ್ 7ರ ಆ ಒಂದು ದಿನದಲ್ಲಿ ಎರಡು ಪಕ್ಷಗಳಲ್ಲಿಯೂ ಸೇರಿ ಎಪ್ಪತ್ತು ಸಾವಿರಕ್ಕೂ ಮಿಕ್ಕ ಜನರು ಸತ್ತರು ಅಥವಾ ಗಾಯಗೊಂಡರು. ಹಿಂದಿನ ದಿನ ನೆಪೋಲಿಯನ್ನನು ಬರೆಯಿಸಿದ ವ್ಯೂಹಪತ್ರವನ್ನು ಟಾಲ್‌ಸ್ಟಾಯನು ಒಬ್ಬ ಭಾಷ್ಯಕಾರನ ತಾಳ್ಮೆಯಿಂದ ಕಲಮು ಕಲಮಾಗಿ ಬಿಡಿಸಿ, ಅದರಲ್ಲಿ ಒಂದೂ ನೆರವೇರಲಿಲ್ಲ, ನೆರವೇರುವಂತೆಯೂ ಇರಲಿಲ್ಲವೆಂದು ತೋರಿಸುತ್ತಾನೆ. ಫಿರಂಗಿಗಳಿಗೆ ಗೊತ್ತುಮಾಡಿದ ಸ್ಥಳದಿಂದ ಗುಂಡು ಶತ್ರುವನ್ನು ಮುಟ್ಟದು. ಶೆವಾರ್ದಿನೋ ದಿಬ್ಬದ ಮೇಲೆ ನಿಂತ ಚಕ್ರವರ್ತಿಗೆ ಹೊಗೆ ಮತ್ತು ಮಂಜುಗಳ ಹೊರತು ಏನೂ ಕಾಣದು. ದೂತನು ಕುದುರೆಯೋಡಿಸಿಕೊಂಡು ಬಂದು ವರ್ತಮಾನ ಹೇಳುವಷ್ಟರಲ್ಲಿ ವರ್ತಮಾನವು ಭೂತವಾಗಿರುತ್ತದೆ. ಅದನ್ನು ನಂಬಿ ಕೊಟ್ಟ ಆಜ್ಞೆಯು ಸ್ಥಳವನ್ನು ತಲಪುವಷ್ಟರಲ್ಲಿ ಅದಕ್ಕೆ ಅವಕಾಶವೇ ಉಳಿದಿರುವುದಿಲ್ಲ. 1854-55ರಲ್ಲಿ ಸೆವಾಸ್ತೊಪೋಲಿನ ಮುತ್ತಿಗೆಯಲ್ಲಿ ಸ್ವತಃ ಫಿರಂಗಿದಳದ ಅಧಿಕಾರಿಯಾಗಿದ್ದವನ ಬರಹವಿದು. ಪುಸ್ತಕದಿಂದ ಬಂದ ಜ್ಞಾನವಲ್ಲ. ಮೊದಲಿನಂತೆಯೇ ಸೇನಾಪತಿಗಳು, ಮೊದಲಿನಂತೆಯೇ ವ್ಯೂಹ, ಮೊದಲಿನಂತೆಯೇ ಘೋಷಣೆ. ಆದರೆ ಎತ್ತಿದ ಕೈ ಕನಸಿನಲ್ಲಿ ಸೋತು ಬೀಳುವಂತೆ ಬೀಳುತ್ತದೆ. ಸೋಲನ್ನು ಅನುಭವಿಸದೆಯೇ ಸೋತವನ ಭೀತಿಯನ್ನು ಇಷ್ಟು ನಿಖರವಾಗಿ ಬಣ್ಣಿಸಿದ ಯುದ್ಧವರ್ಣನೆ ವಿರಳ.

ಮೂರನೆಯದು ಮಾಸ್ಕೋವಿನ ಹೊರಗಣ ಪೊಕ್ಲೋನ್ನಾಯ ಗುಡ್ಡದ ಪ್ರಸಂಗ. ಸೆಪ್ಟೆಂಬರ್ 14ರಂದು ವಿಜೇತನು ಅಲ್ಲಿ ನಿಂತು ನಗರದ ಪ್ರಮುಖರು ಬೀಗದಕೈಗಳೊಡನೆ ಬರುವರೆಂದು ಕಾಯುತ್ತಾನೆ. ಅವರೊಡನೆ ಆಡಬೇಕಾದ ಉದಾರವಾದ ಮಾತುಗಳು ಮನಸ್ಸಿನಲ್ಲಿ ಸಿದ್ಧವಾಗಿವೆ. ನಗರವು ಬರಿದಾಗಿದೆ, ಕುಡುಕರ ಗುಂಪುಗಳ ಹೊರತು ಅಲ್ಲಿ ಯಾರೂ ಇಲ್ಲವೆಂಬ ಸಂಗತಿ ಹಿಂದೆ ನಿಂತ ಅಧಿಕಾರಿಗಳಿಗೆ ತಿಳಿದಿದೆ. ಅವರ ಚಿಂತೆಯು ನಗರ ಬರಿದಾಯಿತೆಂಬುದಲ್ಲ. ಚಕ್ರವರ್ತಿಯು ನಗೆಗೀಡಾಗದಂತೆ ಅದನ್ನು ಹೇಳುವುದು ಹೇಗೆ ಎಂಬುದು. ಪಿಸುಮಾತುಗಳು ನಡೆಯುತ್ತವೆ, ಹೊತ್ತು ಕಳೆಯುತ್ತದೆ. ಸಮಗ್ರ ಕಾದಂಬರಿಯಲ್ಲಿ ಸರ್ವಾಧಿಕಾರದ ಸ್ವರೂಪವನ್ನು ಇದಕ್ಕಿಂತ ಸ್ಪಷ್ಟವಾಗಿ ತೆರೆದು ತೋರುವ ಸ್ಥಳ ಮತ್ತೊಂದಿಲ್ಲ. 1799ರ ನವೆಂಬರಿನಲ್ಲಿ ಬಲಾತ್ಕಾರದಿಂದ ಅಧಿಕಾರವನ್ನು ಕೈಗೆ ತೆಗೆದುಕೊಂಡು, 1802ರಲ್ಲಿ ಆಜೀವ ಪ್ರಥಮ ಕಾನ್ಸಲನಾಗಿ, 1804ರಲ್ಲಿ ಚಕ್ರವರ್ತಿಯಾದವನ ಸುತ್ತ ಹದಿಮೂರು ವರ್ಷಗಳಲ್ಲಿ ಬೆಳೆದು ನಿಂತದ್ದು ಈ ಮೌನದ ಗೋಡೆ. ನೆಪೋಲಿಯನ್ನನು ನಿಜಕ್ಕೂ ದಾರವೆಳೆಯುವ ಮಗುವಾಗಿದ್ದರೆ, ಲಗಾಮಿಗೆ ಬದಲಾಗಿ ದಾರವನ್ನು ಕೈಗೆ ಕಟ್ಟಿಕೊಂಡವನು ಅವನೇ. ಎರಡನೆಯ ಉತ್ತರವೆಂದರೆ ಇದು. ಕಾದಂಬರಿಕಾರನು ಇದನ್ನು ಸೂತ್ರರೂಪದಲ್ಲಿ ಎಲ್ಲಿಯೂ ಹೇಳಿಲ್ಲ.

ಹೇಳದಿರುವುದಕ್ಕೆ ಒಂದು ಕಾರಣವನ್ನು ಊಹಿಸಬಹುದಾಗಿದೆ. ಅವನ ಮುಂದಿದ್ದ ಆಕರಗಳಲ್ಲಿ ಮುಖ್ಯವಾದವು ತಿಯೇರನಂತಹ ಇತಿಹಾಸಕಾರರ ಗ್ರಂಥಗಳೂ ಸೇಂಟ್ ಹೆಲೀನಾ ದ್ವೀಪದಲ್ಲಿ ಬಂದಿಯಾಗಿದ್ದಾಗ ನೆಪೋಲಿಯನ್ನನು ಬರೆಯಿಸಿದ ಸ್ಮೃತಿಗಳೂ ಆಗಿದ್ದುವು. ಚಕ್ರವರ್ತಿಗೆ ಎದುರಾಡಿದ ಪ್ರಮುಖ ಸಾಕ್ಷಿಯೊಬ್ಬನ ಬರಹವು ಅವನಿಗೆ ದೊರೆಯುವಂತಿರಲಿಲ್ಲ. ರಷ್ಯದಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಕೋಲೇನ್‌ಕೂರನ ಸ್ಮೃತಿಗ್ರಂಥವು ಅಚ್ಚಾದುದು 1933ರಲ್ಲಿ, ಟಾಲ್‌ಸ್ಟಾಯನು ತೀರಿಕೊಂಡ ಇಪ್ಪತ್ತಮೂರು ವರ್ಷಗಳ ಮೇಲೆ. ಅದರ ಪ್ರಕಾರ 1811ರ ಜೂನ್ ತಿಂಗಳಲ್ಲಿ, ಎಂದರೆ ದಂಡಯಾತ್ರೆಗೆ ಒಂದು ವರ್ಷ ಮುಂಚೆಯೇ, ಅವನು ನೆಪೋಲಿಯನ್ನನೊಡನೆ ಗಂಟೆಗಟ್ಟಲೆ ವಾದಿಸಿದನು. ರಾಜಧಾನಿಯನ್ನು ಕಳೆದುಕೊಂಡರೂ ಸಂಧಿಗೆ ಸಹಿ ಹಾಕದೆ ಕಮ್ಚಾಟ್ಕದವರೆಗಾದರೂ ಹಿಂದೆಗೆಯುವೆನೆಂದು ಜ್ಸಾರ್ ಅಲೆಕ್ಸಾಂಡರನು ಆಡಿದ ಮಾತನ್ನು ಮುಟ್ಟಿಸಿದನು. ರಷ್ಯದ ಹವೆ, ದೂರ, ಕಾಲ ಇವು ಮೂರೂ ಆ ದೊರೆಯ ಪಕ್ಷದಲ್ಲಿವೆಯೆಂದು ತಿಳಿಸಿದನು. ಕೇಳಿದವನು ಕೇಳಿಯೂ ಹೊರಟನು. ಚರಿತ್ರೆಯ ಅನಿವಾರ್ಯ ಪ್ರವಾಹವೊಂದೇ ನಾಲ್ಕು ಲಕ್ಷ ಜನರನ್ನು ಪೂರ್ವಕ್ಕೆ ನೂಕಿತೆಂಬ ವಾದವು ಈ ಒಂದು ಸಂವಾದದ ಮುಂದೆ ನಿಲ್ಲಲಾರದು. ಅನಿವಾರ್ಯವಾಗಿದ್ದುದನ್ನು ಒಬ್ಬನು ನಿವಾರಿಸೆಂದು ಕಾರಣಸಹಿತವಾಗಿ ಹೇಳಿದ್ದನು. ಹೇಳಿದ್ದೆಲ್ಲವೂ ಮುಂದಿನ ವರ್ಷ ಹಾಗೆಯೇ ಆಯಿತು.

ಸೋಲಿಗೆ ರಷ್ಯದ ಚಳಿಯೇ ಕಾರಣವೆಂಬ ಮಾತು ಶಾಲೆಯ ಪುಸ್ತಕಗಳಲ್ಲಿ ಈಗಲೂ ಉಂಟು. ಟಾಲ್‌ಸ್ಟಾಯನು ಇದನ್ನು ಒಪ್ಪಲಿಲ್ಲ. ಇಲ್ಲಿ ಅವನ ಪಕ್ಷವೇ ಸರಿ. ಮಿನಾರನ ಪಟ್ಟಿಯು ಸವೆದುಹೋದುದು ಬಹುಮಟ್ಟಿಗೆ ಹೋಗುವ ದಾರಿಯಲ್ಲಿ, ಬೇಸಗೆಯಲ್ಲಿ. ಉತ್ತರಕ್ಕೂ ಅಕ್ಕಪಕ್ಕಕ್ಕೂ ಕಳುಹಿಸಿದ ದಳಗಳನ್ನು ಲೆಕ್ಕದಿಂದ ಬಿಟ್ಟರೂ ಮಾಸ್ಕೋ ಸೇರುವ ಮುಂಚೆಯೇ ಮುಖ್ಯಸೈನ್ಯದ ಬಹುಭಾಗ ಕರಗಿತ್ತು. ಬೆಂದ ಧೂಳು, ಹಸಿರು ಪೈರನ್ನು ಮೇದು ಸತ್ತ ಸಾವಿರಾರು ಕುದುರೆಗಳು, ಹಿಂದುಳಿದ ಆಹಾರದ ಬಂಡಿಗಳು, ಹೇನಿನಿಂದ ಹರಡಿದ ಜ್ವರಗಳು ಇವೇ ಮೊದಲ ಶತ್ರುಗಳು. ಶತ್ರುದೇಶವೇ ತನ್ನ ಸೈನ್ಯವನ್ನು ಸಾಕಬೇಕೆಂಬುದು ನೆಪೋಲಿಯನ್ನನ ಪದ್ಧತಿ. ಇಟಲಿಯ ಮತ್ತು ಜರ್ಮನಿಯ ತುಂಬಿದ ಹೊಲಗಳಲ್ಲಿ ನಡೆದ ಈ ಪದ್ಧತಿ ಲಿಥುವೇನಿಯದ ವಿರಳವಾದ ಹಳ್ಳಿಗಳಲ್ಲಿ ನಡೆಯದಾಯಿತು. 2001ರಲ್ಲಿ ವಿಲ್ನಿಯಸ್ ನಗರದಲ್ಲಿ ಕಟ್ಟಡದ ಕೆಲಸಕ್ಕೆ ನೆಲವನ್ನು ಅಗೆಯುವಾಗ ಸಾವಿರಾರು ಫ್ರೆಂಚ್ ಸೈನಿಕರ ಸಾಮೂಹಿಕ ಗೋರಿ ಸಿಕ್ಕಿತು. ಆ ಅವಶೇಷಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಹೇನಿನ ಮೂಲಕ ಹರಡುವ ರೋಗಗಳ ಕುರುಹುಗಳನ್ನು ಕಂಡರು. ಹಿಂದಿರುಗುವಾಗ ಚಳಿಯೂ ಬಂದಿತು, ನಿಜ. ಅಕ್ಟೋಬರ್ 19ರಂದು ಮಾಸ್ಕೋ ಬಿಟ್ಟ ಸೈನ್ಯವು 24ರಂದು ಮಲೋಯರೊಸ್ಲಾವೆತ್ಸ್ ಊರಿನಲ್ಲಿ ಕಾದು, ತೆಂಕಣ ದಾರಿಯನ್ನು ಬಿಟ್ಟು ತಾನೇ ಸುಲಿದಿದ್ದ ಸ್ಮೊಲೆನ್ಸ್ಕಿನ ಹಾದಿಗೆ ತಿರುಗಿದಾಗ ಹಿಮವಿನ್ನೂ ಬಿದ್ದಿರಲಿಲ್ಲ. ಕುದುರೆಗಳಿಗೆ ಮಂಜುಗಡ್ಡೆಯ ಮೇಲೆ ಜಾರದಂತಹ ಲಾಳಗಳನ್ನು ಹೊಡೆಯಿಸಿರಲಿಲ್ಲ. ಕೋಲೇನ್‌ಕೂರನು ಅರಮನೆಯ ಕುದುರೆಗಳಿಗೆ ಮಾತ್ರ ಅದನ್ನು ಮಾಡಿಸಿದ್ದನು. ಒಂದು ಸಾಮ್ರಾಜ್ಯದ ಭವಿಷ್ಯವು ಲಾಳದ ಮೊಳೆಯಲ್ಲಿ ನಿಂತಿತ್ತೆಂದರೆ ಟಾಲ್‌ಸ್ಟಾಯನು ಬೂಟಿನ ಹಾಸ್ಯವನ್ನೇ ಮತ್ತೆ ಮಾಡುತ್ತಿದ್ದನೇನೋ. ಆದರೆ ಈ ಮೊಳೆ ಮರೆವಿನದಲ್ಲ, ಚಳಿಗೆ ಮುಂಚೆಯೇ ಸಂಧಿಯಾಗುವುದೆಂಬ ದುರಭಿಮಾನದ್ದು. ಆ ಐದು ವಾರಗಳಲ್ಲಿ ಸಂಧಿಗಾಗಿ ಕಾಯುತ್ತ ಕುಳಿತವನು ಪ್ಯಾರಿಸ್ಸಿನ ರಾಷ್ಟ್ರೀಯ ನಾಟಕಶಾಲೆಯ ನಿಬಂಧನೆಗಳಿಗೆ ಮಾಸ್ಕೋವಿನಿಂದ ರುಜುಹಾಕಿದನು.

ಕಾದಂಬರಿಯ ದೋಷಗಳನ್ನೂ ಮುಚ್ಚಿಡಬೇಕಾಗಿಲ್ಲ. ಕುತುಜೋವನ ಚಿತ್ರವು ಚರಿತ್ರೆಗಿಂತ ಭಕ್ತಿಗೆ ಹತ್ತಿರವಾದುದು. ಫೀಲಿಯ ಗುಡಿಸಲಿನಲ್ಲಿ ಮಾಸ್ಕೋವನ್ನು ಬಿಟ್ಟುಕೊಡುವ ಮಂತ್ರಾಲೋಚನೆಯನ್ನು ಒಲೆಯ ಮೇಲೆ ಕುಳಿತ ರೈತಬಾಲಿಕೆಯ ಕಣ್ಣಿನಿಂದ ತೋರಿಸಿದುದು ಅಪೂರ್ವವಾದ ಕಲ್ಪನೆ. ಆದರೆ ಹಿಂದೆಗೆಯುವ ನೀತಿಯನ್ನು ಬೇಸಗೆಯುದ್ದಕ್ಕೂ ಅಪಕೀರ್ತಿಯನ್ನು ಸಹಿಸಿಕೊಂಡು ನಡೆಸಿದವನು ಬಾರ್ಕ್ಲೇ ದ ತೋಲಿ. ಅವನಿಗೆ ಕಾದಂಬರಿಯಲ್ಲಿ ನ್ಯಾಯ ದೊರೆತಿಲ್ಲ. ರಷ್ಯದ ಜಯವು ಜನತೆಯ ಸಹಜಪ್ರೇರಣೆಯಿಂದ ತಾನೇತಾನಾಗಿ ಆಯಿತೆಂಬ ಭಾವನೆಯನ್ನು ಟಾಲ್‌ಸ್ಟಾಯನು ಬೇರೂರಿಸಿದುದರಿಂದ ಆ ರಾಜ್ಯದ ಸೈನ್ಯವ್ಯವಸ್ಥೆ, ಅಶ್ವಸಂಪತ್ತು, ರಾಜನೀತಿಗಳ ಪಾತ್ರವು ಮರೆಯಾಯಿತೆಂದು ಡಾಮಿನಿಕ್ ಲೀವೆನ್ 2009ರ ತನ್ನ ಗ್ರಂಥದಲ್ಲಿ ವಾದಿಸಿರುವುದು ಯುಕ್ತವಾಗಿದೆ. ಅದೇ ರಷ್ಯನ್ ಸೈನ್ಯವು 1814ರ ಮಾರ್ಚ್ 31ರಂದು ಪ್ಯಾರಿಸ್ಸನ್ನು ಪ್ರವೇಶಿಸಿತು. ಕಾದಂಬರಿಯ ಯುದ್ಧಕಥೆಯು 1812ರ ಕೊನೆಗೇ ನಿಂತುಬಿಡುತ್ತದೆ. ಇನ್ನು ಕ್ಲೌಸೆವಿಟ್ಸನ ಸಂಗತಿ. ಬರೋದಿನೋವಿನ ಹಿಂದಿನ ಸಂಜೆ ಕುದುರೆಯ ಮೇಲೆ ಹಾದುಹೋಗುತ್ತ, ಯುದ್ಧವನ್ನು ವಿಶಾಲವಾದ ಪ್ರದೇಶಕ್ಕೆ ಹರಡಬೇಕೆಂದು ಜರ್ಮನ್ ಭಾಷೆಯಲ್ಲಿ ಮಾತನಾಡುವ ಇಬ್ಬರಲ್ಲಿ ಅವನೊಬ್ಬನು. ಆ ಪ್ರದೇಶದಲ್ಲಿ ತನ್ನ ತಂದೆಯೂ ಮಗನೂ ತಂಗಿಯೂ ಇದ್ದರೆಂದು ಪ್ರಿನ್ಸ್ ಆಂಡ್ರೇಯು ಕಹಿಯಾಗಿ ನೆನೆಯುತ್ತಾನೆ. ದೃಶ್ಯವು ಮನಕಲಕುವಂತಿದೆ. ಆದರೆ ಆಕ್ರಮಣವು ಮುಂದುವರಿದಷ್ಟೂ ಬಲಗುಂದುತ್ತ ಒಂದು ಪರಾಕಾಷ್ಠೆಯ ಬಿಂದುವನ್ನು ಮುಟ್ಟಿ, ಅದನ್ನು ದಾಟಿದರೆ ತಾನೇ ಮುರಿದುಬೀಳುವುದೆಂದು 1832ರಲ್ಲಿ ಪ್ರಕಟವಾದ ಗ್ರಂಥದಲ್ಲಿ ನಿರೂಪಿಸಿದವನು ಆ ಕ್ಲೌಸೆವಿಟ್ಸನೇ. ಗಾಯಗೊಂಡ ಮೃಗವು ಓಡಿದ ಹಾಗೆ ಫ್ರೆಂಚರು ಮಾಸ್ಕೋವರೆಗೆ ತಮ್ಮ ವೇಗದಿಂದಲೇ ಓಡಿ ಅಲ್ಲಿ ಸತ್ತರೆಂಬ ಟಾಲ್‌ಸ್ಟಾಯನ ಉಪಮೆಯಲ್ಲಿಯೂ ಇರುವುದು ಅದೇ ತತ್ತ್ವ.

ಈ ದೋಷಗಳನ್ನೆಲ್ಲ ತೂಗಿ ನಿಲ್ಲುವ ಒಂದು ಪ್ರಕರಣವಿದೆ. ಅದಕ್ಕೆ ವಿಮರ್ಶಕರ ಗಮನವು ಸಲ್ಲಬೇಕಾದಷ್ಟು ಸಂದಿಲ್ಲ. ಮಾಸ್ಕೋವಿನ ರಾಜ್ಯಪಾಲ ರಸ್ತೋಪ್‌ಚಿನ್ನನದು ಅದು. ಫ್ರೆಂಚರು ಬರುವ ಬೆಳಗ್ಗೆ ಅವನ ಮನೆಯ ಮುಂದೆ ಜನಜಂಗುಳಿ ಕೂಡಿದೆ; ಶತ್ರುವಿನೊಡನೆ ಕಾದಲು ಕರೆದೊಯ್ಯುವೆನೆಂದು ಮಾತುಕೊಟ್ಟವನು ತಪ್ಪಿಸಿಕೊಂಡು ಹೋಗಬೇಕಾಗಿದೆ. ವೆರೆಶ್ಚಾಗಿನ್ ಎಂಬ ವರ್ತಕನ ಮಗನೊಬ್ಬನು ನೆಪೋಲಿಯನ್ನನ ಘೋಷಣೆಯನ್ನು ಹರಡಿದನೆಂಬ ಆಪಾದನೆಯ ಮೇಲೆ ಸೆರೆಯಲ್ಲಿದ್ದಾನೆ. ರಸ್ತೋಪ್‌ಚಿನ್ನನು ಆ ಬಡಪಾಯಿಯನ್ನು ಹೊರಗೆ ತರಿಸಿ, ದೇಶದ್ರೋಹಿಯಿವನೆಂದು ಕೂಗಿ, ಗುಂಪಿಗೆ ಒಪ್ಪಿಸಿಬಿಡುತ್ತಾನೆ. ಜನರು ಹಿಂಜರಿಯುತ್ತಾರೆ, ಮತ್ತೆ ಕೂಗುತ್ತಾನೆ, ಸೈನಿಕನೊಬ್ಬನ ಕತ್ತಿ ಬೀಳುತ್ತದೆ, ಆಮೇಲೆ ಗುಂಪು ತನ್ನ ಕೆಲಸವನ್ನು ಮಾಡುತ್ತದೆ. ಹಿಂಬಾಗಿಲಿನಿಂದ ಬಂಡಿಯೇರಿ ಓಡುವ ರಸ್ತೋಪ್‌ಚಿನ್ನನು ದಾರಿಯಲ್ಲಿ ಲೋಕಹಿತವೆಂಬ ಪದವೊಂದರಿಂದ ತನ್ನ ಮನಸ್ಸನ್ನು ಸಮಾಧಾನಪಡಿಸಿಕೊಳ್ಳುತ್ತಾನೆ. ಹುಚ್ಚರ ಆಸ್ಪತ್ರೆಯಿಂದ ಬಿಡುಗಡೆಯಾದ ಒಬ್ಬನು ಬಯಲಿನಲ್ಲಿ ಬಂಡಿಯ ಹಿಂದೆ ಓಡಿಬರುತ್ತ, ತನ್ನನ್ನು ಮೂರು ಸಲ ಕೊಂದರು, ಮೂರು ಸಲ ಎದ್ದೆನೆಂದು ಅರಚುತ್ತಾನೆ. ಇಲ್ಲಿ ಟಾಲ್‌ಸ್ಟಾಯನು ತನ್ನ ಸಿದ್ಧಾಂತವನ್ನು ಪೂರ್ಣವಾಗಿ ಮರೆತಿದ್ದಾನೆ. ರಸ್ತೋಪ್‌ಚಿನ್ನನು ಯಾವ ಪ್ರವಾಹದ ಕೈಗೊಂಬೆಯೂ ಅಲ್ಲ. ಮಾಡಬಾರದೆಂದು ತಿಳಿದೇ ಮಾಡಿದ್ದಾನೆ, ಮತ್ತು ಅದು ಅವನಿಗೆ ಗೊತ್ತಿದೆ. ಶತ್ರುಪಕ್ಷದ ದೊಡ್ಡ ಸರ್ವಾಧಿಕಾರಿಯ ಅಂತರಂಗವನ್ನು ಪ್ರವೇಶಿಸಲು ತಾತ್ಸಾರವು ಬಿಡದಿದ್ದಾಗ, ಸ್ವಪಕ್ಷದ ಸಣ್ಣ ಸರ್ವಾಧಿಕಾರಿಯ ಮೂಲಕ ಕಾದಂಬರಿಕಾರನು ಅದೇ ಅಂತರಂಗವನ್ನು ಹೊಕ್ಕು ನೋಡಿದನೆಂದು ಹೇಳಬಹುದು.

ನೆಪೋಲಿಯನ್ನನಿಗೆ ಲೋಕಹಿತದ ಸ್ಥಾನದಲ್ಲಿ ಅಂಕಗಣಿತವಿತ್ತು. ಸೇಂಟ್ ಹೆಲೀನಾದ ಬರಹದಲ್ಲಿ ಅವನು ದಂಡೆತ್ತಿಹೋದವರಲ್ಲಿ ಅರ್ಧಕ್ಕರ್ಧ ಪೋಲರು, ಜರ್ಮನರು, ಇಟಾಲಿಯನರು ಮೊದಲಾದ ಪರದೇಶೀಯರೆಂದು ಲೆಕ್ಕಹಾಕಿ, ಖಾಸಾ ಫ್ರಾನ್ಸಿಗೆ ಆದ ನಷ್ಟವು ಐವತ್ತು ಸಾವಿರಕ್ಕೂ ಕಡಮೆಯೆಂದು ತೀರ್ಮಾನಿಸಿದನು. ಟಾಲ್‌ಸ್ಟಾಯನು ಬರೋದಿನೋವಿನ ಹೆಣಗಳ ನಡುವೆ ಈ ಲೆಕ್ಕವನ್ನು ತಂದಿಟ್ಟು, ಹೆಚ್ಚು ಮಾತನಾಡದೆ ಮುಂದಕ್ಕೆ ಹೋಗುತ್ತಾನೆ. ಕನ್ನಡ ವಾಚಕರಿಗೆ ಇಲ್ಲಿ ರನ್ನನ ಗದಾಯುದ್ಧವು ನೆನಪಾಗದಿರದು. ಸಂಜಯನೊಡನೆ ರಣಭೂಮಿಯಲ್ಲಿ ನಡೆಯುವ ದುರ್ಯೋಧನನು ದ್ರೋಣನನ್ನು, ಅಭಿಮನ್ಯುವನ್ನು, ಮಗ ಲಕ್ಷಣನನ್ನು, ತಮ್ಮ ದುಶ್ಶಾಸನನನ್ನು, ಕರ್ಣನನ್ನು ಒಬ್ಬೊಬ್ಬರನ್ನಾಗಿ ಕಂಡು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಅಳುತ್ತಾನೆ. ಅವನ ಹಟವು ತಪ್ಪಿದುದಲ್ಲ. ಆದರೆ ಅವನ ಸತ್ತವರಿಗೆ ಹೆಸರುಗಳಿವೆ. ಆ ಹೆಸರುಗಳಿರುವುದರಿಂದಲೇ ಪಾಪಿಯಾದರೂ ಅವನು ನಾಯಕನಾಗಬಲ್ಲನು. ಹತ್ತು ಸಾವಿರಕ್ಕೊಂದು ಮಿಲಿಮೀಟರಿನಂತೆ ಅಳೆಯಬೇಕಾದ ಯುದ್ಧದಲ್ಲಿ ಅಂತಹ ಶೋಕಕ್ಕೆ ಎಡೆಯಿಲ್ಲ. ಟಾಲ್‌ಸ್ಟಾಯನ ನೆಪೋಲಿಯನ್ನನು ದುರಂತನಾಯಕನಾಗದೆ ಉಳಿದುದು ಕವಿಯ ಪಕ್ಷಪಾತದಿಂದ ಮಾತ್ರವಲ್ಲ.

ಬಿ. ಎಂ. ಶ್ರೀಕಂಠಯ್ಯನವರು 1935ರಲ್ಲಿ ‘ಪಾರಸಿಕರು’ ಎಂದು ಕನ್ನಡಿಸಿದ ಈಸ್ಕಿಲಸನ ನಾಟಕವನ್ನು ಈ ಪ್ರಸಂಗದಲ್ಲಿ ಹೋಲಿಸಿ ನೋಡುವುದು ಪ್ರಯೋಜನಕರ. ಸಾಲಮಿಸ್ಸಿನ ನೌಕಾಯುದ್ಧವು ನಡೆದುದು ಕ್ರಿ. ಪೂ. 480ರಲ್ಲಿ, ನಾಟಕವು ರಂಗಕ್ಕೆ ಬಂದುದು 472ರಲ್ಲಿ. ಅಲ್ಲಿಯೂ ಒಂದು ಮಹಾಸೈನ್ಯ, ಒಂದು ದುರ್ಬುದ್ಧಿ, ಹರಿದ ಉಡುಪಿನಲ್ಲಿ ಮರಳುವ ದೊರೆ. ಕ್ಸೆರ್ಕ್ಸೆಸನ ನಾಶಕ್ಕೆ ದೈವವು ಕಾರಣವೇ ಪುರುಷನು ಕಾರಣನೇ ಎಂಬ ಪ್ರಶ್ನೆಗೆ ಅವನ ತಂದೆ ದಾರಿಯಸನ ಪ್ರೇತವು ಕೊಡುವ ಉತ್ತರದ ತಾತ್ಪರ್ಯವೇನೆಂದರೆ, ಕೇಡು ವಿಧಿಲಿಖಿತವಾಗಿದ್ದರೂ ಅದರತ್ತ ಮನುಷ್ಯನು ತಾನಾಗಿ ಧಾವಿಸಿದಾಗ ದೈವವೂ ಕೈಗೂಡಿಸುತ್ತದೆ. ಮಗನಿಗೆ ಈ ಸಾಹಸವನ್ನು ಕಲಿಸಿದವರು ಕೆಟ್ಟ ಜನರ ಸಹವಾಸವೆಂದು ತಾಯಿ ಹೇಳುತ್ತಾಳೆ. ಅನಿವಾರ್ಯತೆ, ಅಪರಾಧ, ಮೌನದ ಸಭೆ ಮೂರನ್ನೂ ಗ್ರೀಕ್ ಕವಿಯು ಒಂದೇ ಮಾತಿನ ಹಿಡಿತದಲ್ಲಿ ಇರಿಸಿದ್ದಾನೆ. ಟಾಲ್‌ಸ್ಟಾಯನು ಮೊದಲನೆಯದನ್ನು ಉಪಸಂಹಾರಕ್ಕೂ ಉಳಿದೆರಡನ್ನು ಕಥೆಗೂ ಹಂಚಿ, ನಡುವೆ ಸೇತುವೆಯನ್ನು ಕಟ್ಟದೆ ಬಿಟ್ಟನು.

ಸೇತುವೆಗೆ ಬೇಕಾದ ಸಾಮಗ್ರಿಯು ನೆಪೋಲಿಯನ್ನನ ಪೂರ್ವಚರಿತ್ರೆಯಲ್ಲಿಯೇ ಇದ್ದಿತು. 1812ರ ಡಿಸೆಂಬರ್ 5ರಂದು ಸ್ಮೋರ್ಗೋನ್ ಎಂಬಲ್ಲಿ ಅವನು ಅಳಿದುಳಿದ ಸೈನ್ಯವನ್ನು ಬಿಟ್ಟು ಕೋಲೇನ್‌ಕೂರನೊಡನೆ ಪ್ಯಾರಿಸ್ಸಿಗೆ ಹೊರಟುಹೋದನು. ಸೈನ್ಯದ ನಾಶವನ್ನು ಮೊದಲ ಬಾರಿಗೆ ಒಪ್ಪಿಕೊಂಡ ಅವನ ಇಪ್ಪತ್ತೊಂಬತ್ತನೆಯ ಪ್ರಕಟನಪತ್ರವು ಚಕ್ರವರ್ತಿಯ ಆರೋಗ್ಯವು ಅತ್ಯುತ್ತಮವಾಗಿದೆಯೆಂಬ ವಾರ್ತೆಯೊಡನೆ ಮುಗಿಯಿತು. ಇದು ಹೊಸದಲ್ಲ. ಈಜಿಪ್ಟಿನ ದಂಡಯಾತ್ರೆಯಲ್ಲಿ, 1799ರ ಜನವರಿಯಲ್ಲಿ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನಿಗೆ ಕೈರೋ ನಗರದಿಂದ ಅವನು ನೆರವಿನ ಭರವಸೆಯ ಕಾಗದ ಬರೆದನು. ಕಾಗದವು ಇಂಗ್ಲಿಷರ ಕೈಗೆ ಸಿಕ್ಕಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಸುಲ್ತಾನನು ಮಡಿದನು. ಅದೇ ಆಗಸ್ಟಿನಲ್ಲಿ ಬೊನಪಾರ್ಟೆಯು ತನ್ನ ಸೈನ್ಯವನ್ನು ಮರಳುಗಾಡಿನಲ್ಲಿ ಬಿಟ್ಟು ಹಡಗನ್ನೇರಿ, ಮೂರೇ ತಿಂಗಳಲ್ಲಿ ಫ್ರಾನ್ಸಿನ ಒಡೆಯನಾದನು. ಸೈನ್ಯವನ್ನು ಬಿಟ್ಟುಬಂದವನಿಗೆ ಆಗ ದೊರೆತುದು ಸಿಂಹಾಸನದ ಮೆಟ್ಟಿಲು. ಎರಡನೆಯ ಸಲವೂ ಹಾಗೆಯೇ ಆದೀತೆಂದು ಅವನು ನಂಬಿದುದರಲ್ಲಿ ಆಶ್ಚರ್ಯವಿಲ್ಲ.

1941ರ ಜೂನ್ 22ರಂದು ಹಿಟ್ಲರನ ಸೇನೆಗಳು ಅದೇ ದಿಕ್ಕಿಗೆ ನಡೆದುವು. ಮುತ್ತಿಗೆಗೊಳಗಾದ ಲೆನಿನ್‌ಗ್ರಾಡಿನಲ್ಲಿ ಹಸಿದ ಜನರು ‘ಯುದ್ಧ ಮತ್ತು ಶಾಂತಿ’ಯನ್ನು ಕೈಯಲ್ಲಿ ಹಿಡಿದು ಓದಿದರೆಂದು ಅಲ್ಲಿ ಬದುಕುಳಿದ ವಿಮರ್ಶಕಿ ಲಿಡಿಯಾ ಗಿನ್ಸ್‌ಬರ್ಗ್ ಬರೆದಿದ್ದಾಳೆ. ಎದುರು ಪಾಳೆಯದಲ್ಲಿ, ಮಾಸ್ಕೋವಿನ ಮೇಲೆ ಏರಿಹೋಗುತ್ತಿದ್ದ ನಾಲ್ಕನೆಯ ಸೈನ್ಯದ ಅಧಿಪತಿಯಾದ ಕ್ಲೂಗೆಯು ಕೋಲೇನ್‌ಕೂರನ ಗ್ರಂಥವನ್ನು ಓದುತ್ತಿದ್ದನೆಂದು ಅವನ ಸಹಾಯಕ ಸೇನಾಧಿಕಾರಿ ಬ್ಲೂಮೆನ್‌ಟ್ರಿಟ್ಟನು ಯುದ್ಧಾನಂತರ ತಿಳಿಸಿದನು. ಓದಿದನು, ಮುಂದಕ್ಕೂ ನಡೆದನು.